ಕಲೆ ಮತ್ತು ಕಸುಬಿನ ನಡುವೆ ಒಂದು ಖಾಕಾ ಕಾಗದ

ತುಮಕೂರಿನ ಗುಬ್ಬಿ ಗೇಟಿನ ಬಳಿಯ ಒಂದು ಗಲ್ಲಿಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಮದುವೆಯ ರವಿಕೆ, ಶೇರ್ವಾನಿ, ಒಮ್ಮೊಮ್ಮೆ ದರ್ಗಾಕ್ಕೆ ಹೊದಿಸುವ ಚಾದರ, ಇವುಗಳ ಮೇಲಿನ ಜರಿಯ ಕುಸುರಿಗೆ ನಕ್ಷೆ ಬರೆದುಕೊಡುವುದು ಅವರ ಕಸುಬು. ಸೂಜಿ ಹಿಡಿದು ಹೊಲಿಯುವವರು ಬೇರೆ, ಇವರು ಬರೆಯುವವರು. ಟ್ರೇಸಿಂಗ್ ಕಾಗದವನ್ನು ಎರಡಾಗಿ ಮಡಚಿ ಕೊರಳಿನ ಅರ್ಧ ಭಾಗಕ್ಕೆ ಮಾತ್ರ ಬಳ್ಳಿ ಬರೆಯುತ್ತಾರೆ. ಆಮೇಲೆ ಕಾಗದದ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಗೆರೆಯ ಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚುತ್ತಾ ಹೋಗುತ್ತಾರೆ. ಮಡಿಕೆ ಬಿಚ್ಚಿದರೆ ಇನ್ನರ್ಧವೂ ಅಲ್ಲಿರುತ್ತದೆ. ಇದೇ ಖಾಕಾ. ಹೊಸ ಹುಡುಗರು ಟ್ರೇಸಿಂಗ್ ಎಂದೂ ಅನ್ನುತ್ತಾರೆ. ಬಟ್ಟೆಯನ್ನು ಅಡ್ಡಾದ ಮರದ ಚೌಕಟ್ಟಿಗೆ ಬಿಗಿದು, ಮೇಲೆ ಖಾಕಾ ಇಟ್ಟು, ಸೀಮೆಎಣ್ಣೆಯಲ್ಲಿ ಕಲೆಸಿದ ನೀಲಿಯನ್ನೋ ಬಿಳಿ ಪುಡಿಯನ್ನೋ ಚಿಂದಿಯಿಂದ ಒರೆಸಿದರೆ ತೂತುಗಳ ಮೂಲಕ ಚುಕ್ಕಿಗಳು ಇಳಿದು ಬಟ್ಟೆಯ ಮೇಲೆ ಬಳ್ಳಿ ಮೂಡುತ್ತದೆ. ಹೊಲಿಗೆ ಮುಗಿಯುವ ಹೊತ್ತಿಗೆ ಆ ಚುಕ್ಕಿಗಳು ಜರಿಯ ಕೆಳಗೆ ಮುಚ್ಚಿಹೋಗಿರುತ್ತವೆ. ರವಿಕೆ ತೊಟ್ಟವರಿಗೆ ಹೊಲಿದವರ ನೆನಪಾದರೂ ಇರಬಹುದು, ಬರೆದ ಕೈ ಮಾತ್ರ ಕಾಣುವುದಿಲ್ಲ.

ಒಂದು ದಿನ ಕೇಳಿದೆ: "ಚಾಚಾ, ಇಷ್ಟು ಬರೀತೀರಿ, ಒಂದರಲ್ಲೂ ನಿಮ್ಮ ಹೆಸರು ಹಾಕೋದಿಲ್ವಲ್ಲ?" ಅವರು ಕನ್ನಡಕದ ಮೇಲಿನಿಂದ ನೋಡಿ ನಕ್ಕರು. "ಹೆಸರು ಹಾಕೋಕೆ ಇದೇನು ಆರ್ಟ್ ಏನಪ್ಪಾ? ಇದು ಡಿಸೈನು."

ಆ ಮಾತನ್ನು ವಿನಯವೆಂದು ತಿಳಿದು ಸುಮ್ಮನಾಗಬಹುದಿತ್ತು. ಆದರೆ ಆರ್ಟ್ ಬೇರೆ ಡಿಸೈನ್ ಬೇರೆ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಅವರು ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೀಗಿದ್ದೂ ಆ ಶಾಲೆಗಳ ತೀರ್ಪು ಅವರ ಗಲ್ಲಿಯವರೆಗೆ ಬಂದು ತಲುಪಿದೆ, ಮತ್ತು ಅದನ್ನು ಅವರು ತಮ್ಮ ವಿರುದ್ಧವೇ ಒಪ್ಪಿಕೊಂಡಿದ್ದಾರೆ.

ನಮ್ಮ ನುಡಿಯಲ್ಲಿ ಈ ಗೆರೆ ಇಷ್ಟು ದಪ್ಪವಾಗಿಲ್ಲ. ಮನೆ ಕಟ್ಟುವವರು, ಸರ್ವೆಯವರು ದಿನವೂ ಬಳಸುವ ‘ನಕ್ಷೆ’ ಎಂಬ ಮಾತು ಅರಬ್ಬಿಯಿಂದ ಪಾರಸಿಯ ದಾರಿಯಲ್ಲಿ ಕನ್ನಡಕ್ಕೆ ಬಂದದ್ದು. ನಕ್ಶ್ ಎಂದರೆ ಕೊರೆದ, ಬರೆದ ಚಿತ್ತಾರ. ನಕ್ಕಾಶ್ ಎಂದರೆ ಅದನ್ನು ಮಾಡುವವನು. ಅಕ್ಕಸಾಲಿಗರ ‘ನಕಾಸಿ ಕೆಲಸ’ವೂ ಅದೇ ಬೇರಿನದು. ಪಾರಸಿ ಆಸ್ಥಾನಗಳಲ್ಲಿ ಗ್ರಂಥದ ಚಿತ್ರ ಬರೆದವನನ್ನೂ ಗೋಡೆಯ ಬಳ್ಳಿ ಬರೆದವನನ್ನೂ ಇದೇ ಮಾತಿನಿಂದ ಕರೆಯುತ್ತಿದ್ದರು. ಇತ್ತ ವಾತ್ಸ್ಯಾಯನನ 64 ಕಲೆಗಳ ಪಟ್ಟಿ ತೆಗೆದರೆ ಹಾಡು, ಕುಣಿತ, ಚಿತ್ರಗಳ ಜೊತೆಯಲ್ಲೇ ಅಕ್ಕಿ ಹೂಗಳಿಂದ ನೆಲಕ್ಕೆ ಚಿತ್ತಾರ ಹಾಕುವುದು, ಹೊಲಿಗೆ, ಮರಗೆಲಸ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ. (ಅದು ಪಟ್ಟಣದ ಉಳ್ಳವರ ವಿಲಾಸದ ಪಟ್ಟಿ. ಮರಗೆಲಸ ಮಾಡಿ ಹೊಟ್ಟೆ ಹೊರೆಯುವವನನ್ನು ಆ ಉಳ್ಳವರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರೆಂದು ಭ್ರಮಿಸಬೇಕಿಲ್ಲ. ಕೈಯಿಂದ ದುಡಿಯುವವರನ್ನು ಕೆಳಗಿಡುವ ವಿದ್ಯೆಯನ್ನು ಬ್ರಿಟಿಷರಿಂದ ಕಲಿಯುವ ಅಗತ್ಯ ನಮಗಿರಲಿಲ್ಲ.)

ಬ್ರಿಟಿಷರು ಮಾಡಿದ್ದು ಆ ಗೆರೆಗೆ ಪಠ್ಯಕ್ರಮದ ರೂಪ ಕೊಟ್ಟದ್ದು. 1850ರಲ್ಲಿ ಮದರಾಸಿನಲ್ಲಿ, 1854ರಲ್ಲಿ ಕಲ್ಕತ್ತೆಯಲ್ಲಿ, 1857ರಲ್ಲಿ ಬೊಂಬಾಯಿಯಲ್ಲಿ ಕಲಾಶಾಲೆಗಳು ಶುರುವಾದವು. ದೇಶೀ ಕುಶಲಕರ್ಮಿಗಳನ್ನು ‘ಸುಧಾರಿಸುವುದು’ ಅವುಗಳ ಗುರಿಗಳಲ್ಲೊಂದು. ತಮಾಷೆಯೆಂದರೆ ಅದೇ ಕಾಲದಲ್ಲಿ ಲಂಡನ್ನಿನ ವಿನ್ಯಾಸಗಾರರು ನಮ್ಮ ಬಟ್ಟೆಗಳಿಂದ ಪಾಠ ಕಲಿಯುತ್ತಿದ್ದರು. 1851ರ ಮಹಾಪ್ರದರ್ಶನದಲ್ಲಿ ಭಾರತದ ಜವಳಿ ನೋಡಿ ಬೆರಗಾದ ಓವೆನ್ ಜೋನ್ಸ್ 1856ರಲ್ಲಿ ‘ಅಲಂಕಾರದ ವ್ಯಾಕರಣ’ ಎಂಬರ್ಥದ ಹೆಸರಿನ ದೊಡ್ಡ ಪುಸ್ತಕ ಹೊರತಂದ. ಅಲಂಕಾರದ ಪ್ರತಿಯೊಂದು ಎಲೆಯೂ, ಅದು ಎಷ್ಟೇ ದೂರದಲ್ಲಿರಲಿ, ತನ್ನ ತಾಯಿಕಾಂಡದಿಂದಲೇ ಹುಟ್ಟಿ ಬಂದಂತಿರಬೇಕು ಎಂಬುದು ಅದರ ನಿಯಮಗಳಲ್ಲೊಂದು. ಅದು ಪೂರ್ವದೇಶಗಳವರ ಪದ್ಧತಿ ಎಂದು ಅವನೇ ಅಲ್ಲಿ ಗುರುತು ಹಾಕಿದ್ದಾನೆ. ಗುಬ್ಬಿ ಗೇಟಿನ ಚಾಚಾ ಈ ನಿಯಮವನ್ನು ಎಲ್ಲೂ ಓದಿಲ್ಲ. ಆದರೆ ಕಾಂಡಕ್ಕೆ ಸೇರದ ಎಲೆಯನ್ನು ಅವರ ಕೈ ಬರೆಯುವುದೇ ಇಲ್ಲ.

ಆ ಪಠ್ಯಕ್ರಮದ ಬಾಲವನ್ನು ನಾನೂ ಹಿಡಿದಿದ್ದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಕೂತಾಗ ಚೌಕದೊಳಗೆ ಹೂವು ಎಲೆ ತುಂಬಿಸಿ ಡಿಸೈನ್ ಬರೆಯಬೇಕಿತ್ತು. ನಾಲ್ಕು ಭಾಗ ಮಾಡಿ ಒಂದು ಭಾಗ ಬರೆದು ಉಳಿದ ಮೂರಕ್ಕೆ ಅದನ್ನೇ ಇಳಿಸುವುದು. ಮುಂದೆ ‘ನಿಜವಾದ’ ಚಿತ್ರಕಲೆಗೆ ಹೋಗುವವರು ಅದನ್ನು ಮಕ್ಕಳಾಟವೆಂದು ಮರೆತುಬಿಡುತ್ತಿದ್ದರು, ಹೋಗದವರು ಅಂಗಡಿ ಬೋರ್ಡು ಬರೆಯುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಇದನ್ನೇ ಮುಂದುವರಿಸಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ, 1954ರಲ್ಲಿ ಲಲಿತಕಲಾ ಅಕಾಡೆಮಿ. ಮೊದಲನೆಯದರ ಚುಕ್ಕಾಣಿ ಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಅವರು ಉಳಿಸಿದ ಕಸುಬುಗಳು ಎಷ್ಟೋ, ಆ ಋಣ ದೊಡ್ಡದು. ಆದರೆ ಬಾಗಿಲು ಎರಡಾದದ್ದು ನಿಜ. ನಮ್ಮ ರಾಜ್ಯದಲ್ಲೂ ಲಲಿತಕಲಾ ಅಕಾಡೆಮಿ ಸಂಸ್ಕೃತಿ ಇಲಾಖೆಯ ನೆರಳಲ್ಲಿದೆ, ಕರಕುಶಲ ನಿಗಮವು ಕೈಗಾರಿಕೆಯವರ ಕಡೆಗಿದೆ. ಒಂದು ಕಡೆ ಪ್ರದರ್ಶನ, ಇನ್ನೊಂದು ಕಡೆ ಮಾರಾಟ ಮಳಿಗೆ. ಬೀದರಿನ ಬಿದರಿ ಕಸುಬಿನ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇದ್ದ ವಿಭಾಗ ‘ಕಲೆ’. ಅವರದೇ ಊರಿನ ಹೂಜಿ ಮಾರಾಟಕ್ಕೆ ಬಂದಾಗ ಅದು ‘ಕರಕುಶಲ ವಸ್ತು’. ಬಿದರಿಯಲ್ಲೂ ಮೊದಲು ನಡೆಯುವುದು ಬರವಣಿಗೆಯೇ. ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿದ ಲೋಹದ ಮೇಲೆ ಚೂಪು ಮೊನೆಯಿಂದ, ಯಾವ ಅಚ್ಚೂ ಇಲ್ಲದೆ ಬರಿಗೈಯಲ್ಲಿ ಬಳ್ಳಿ ಗೀಚುತ್ತಾರೆ. ಬೆಳ್ಳಿ ಬಡಿಯುವುದು ಆಮೇಲೆ.

ಅಲಂಕಾರವನ್ನು ಕೆಳಗಿಟ್ಟವರಲ್ಲಿ ಆಧುನಿಕರೂ ಇದ್ದಾರೆ. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1908ರ ಸುಮಾರಿಗೆ ಅಲಂಕಾರವೆಂದರೆ ಅಪರಾಧ ಎಂದೇ ಬರೆದ. ಮೈಗೆ ಹಚ್ಚೆ ಹಾಕಿಸಿಕೊಳ್ಳುವ ‘ಅನಾಗರಿಕ’ರ ಬಗ್ಗೆ ಅವನಾಡಿದ ಮಾತು ಹೇಸಿಗೆ ಹುಟ್ಟಿಸುತ್ತದೆ. ಆದರೆ ಅವನ ವಾದದ ಒಂದು ಎಳೆಯನ್ನು ತಳ್ಳಿಹಾಕುವಂತಿಲ್ಲ: ಅಲಂಕಾರ ಮಾಡುವವನ ಗಂಟೆಗಟ್ಟಲೆ ದುಡಿಮೆಗೆ ತಕ್ಕ ಕೂಲಿ ಸಿಗುವುದಿಲ್ಲ ಎಂದು ಅವನು ಹೇಳಿದ್ದ. ಅದಕ್ಕೆ ಅವನು ಕಂಡುಕೊಂಡ ಮದ್ದು ಅಲಂಕಾರವನ್ನೇ ಇಲ್ಲವಾಗಿಸುವುದು. ಕೂಲಿ ಹೆಚ್ಚಿಸಬಹುದೆಂದು ಅವನಿಗೆ ತೋಚಲಿಲ್ಲ.

ಇನ್ನೊಂದು ಮಾತು ನಮ್ಮ ಕನ್ನಡದ ಕಲಾಬರಹಗಳಲ್ಲಿ ಆಗಾಗ ಬರುತ್ತದೆ. ಇಸ್ಲಾಮಿನಲ್ಲಿ ಜೀವಿಗಳ ಚಿತ್ರ ನಿಷಿದ್ಧ, ಹಾಗಾಗಿ ಮುಸ್ಲಿಮರು ಬರಿಯ ಅಲಂಕಾರಕ್ಕೆ ‘ಇಳಿದರು’ ಎನ್ನುವುದು. ಎತ್ತರದಲ್ಲಿ ಯಾವುದಿತ್ತು ಎಂದು ಮೊದಲೇ ತೀರ್ಮಾನಿಸದೆ ‘ಇಳಿದರು’ ಎನ್ನಲಾಗದು. ಮಸೀದಿಯ ಗೋಡೆಗೆ ಜೀವಿಗಳ ಚಿತ್ರ ಬೇಡವೆಂದದ್ದು ಸರಿ. ಆದರೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿ ಮನುಷ್ಯರ ಚಿತ್ರಗಳೂ ಸೊಗಸಾಗಿ ಬರೆಯಲ್ಪಟ್ಟವು. ಅದೇ ದೊರೆಯ ಗೋರಿಯಿರುವ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರಗಳ ಆಕಾರದಲ್ಲೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಒಳಗೆ ಬರುವುದು ಅಕ್ಷರಗಳ ಸಂದಿನಿಂದ. ಇದನ್ನು ಚಿತ್ರ ಬರೆಯಲಾಗದವರ ಬದಲಿ ವ್ಯವಸ್ಥೆ ಎನ್ನಲು ಸಾಧ್ಯವೇ? ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಗ್ರಂಥಾಲಯದಲ್ಲಿ ಸುಮಾರು 29 ಮೀಟರ್ ಉದ್ದದ ಒಂದು ಕಾಗದದ ಸುರುಳಿಯಿದೆ. ಅದರಲ್ಲಿರುವುದು ಗೋಡೆ, ಗುಮ್ಮಟಗಳ ಅಲಂಕಾರಕ್ಕೆಂದು ಕೈವಾರ ಹಿಡಿದು ಹಾಕಿದ 114 ನಕ್ಷೆಗಳು. ಐನೂರು ವರ್ಷಗಳಷ್ಟು ಹಿಂದೆ ಯಾವನೋ ಉಸ್ತಾದ ಕೆಲಸಕ್ಕಾಗಿ ಬರೆದಿಟ್ಟ ಕಾಗದವದು. 1995ರಲ್ಲಿ ಅದರ ಅಧ್ಯಯನ ಪುಸ್ತಕವಾಗಿ ಬಂದ ಮೇಲೆ ಗಣಿತಜ್ಞರೂ ಅದನ್ನು ಕೂತು ನೋಡುತ್ತಿದ್ದಾರೆ. ಚಾಚಾನ ಮೊಳೆಗೆ ನೇತುಹಾಕಿದ ಖಾಕಾ ಸುರುಳಿಗಳಿಗೆ ಆ ಸುರುಳಿ ದೂರದ ಅಜ್ಜ.

ತೂತು ಚುಚ್ಚುವ ವಿಧಾನಕ್ಕೂ ದೊಡ್ಡವರ ಸಾಕ್ಷಿಯಿದೆ. ರೋಮಿನ ಅರಮನೆಯ ಗೋಡೆಗೆ ‘ಅಥೆನ್ಸಿನ ಶಾಲೆ’ಯನ್ನು ಬರೆಯುವ ಮೊದಲು ರಾಫೆಲ್ ಅದನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆದಿದ್ದ. ಅದರ ಗೆರೆಗಳ ಗುಂಟವೂ ಸೂಜಿಯ ತೂತುಗಳಿವೆ. ಅಲ್ಲಿ ಬಳಸುತ್ತಿದ್ದುದು ಇದ್ದಿಲ ಪುಡಿ, ಇಲ್ಲಿ ಸೀಮೆಎಣ್ಣೆ ಮತ್ತು ನೀಲಿ, ಅಷ್ಟೇ ವ್ಯತ್ಯಾಸ. ಆ ಕಾಗದ ಇವತ್ತು ಮಿಲಾನಿನ ಅಂಬ್ರೋಸಿಯಾನಾದಲ್ಲಿ ಗಾಜಿನ ಹಿಂದಿದೆ. ನಮ್ಮ ಖಾಕಾಗಳು ಎಣ್ಣೆ ಕುಡಿದು ಹರಿದಾಗ ಒಲೆಗೆ ಹೋಗುತ್ತವೆ.

ಗುಬ್ಬಿಯ ಕಡೆ ತಿರುಗಿದರೆ ಇದೇ ಕಥೆ ರಂಗದ ಮೇಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿನ ಉದ್ದಗಲಕ್ಕೆ ಒಯ್ದ ವೀರಣ್ಣನವರು, 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’, ಇವು ನಮ್ಮ ಜಿಲ್ಲೆಯ ಹೆಮ್ಮೆಯ ಪಾಠಗಳು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಆ ಕಂಪನಿಯಲ್ಲಿ ಇದ್ದವರೆಂದು ಎಲ್ಲರೂ ಹೇಳುತ್ತಾರೆ. ಆ ಜನರೆಲ್ಲ ನಿಂತು ಮಾತಾಡಿದ ಪರದೆಗಳನ್ನು ಬರೆದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ದರ್ಬಾರಿನ ಸೀನು, ಕಾಡಿನ ಸೀನು, ಬೀದಿಯ ಸೀನು ಎಂದು ಹೆಸರಿರುವುದು ಪರದೆಗೆ, ಬರೆದವನಿಗಲ್ಲ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ಆಡುತ್ತಾರೆ, ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ಕರಪತ್ರದಲ್ಲಿ ಪಾತ್ರಧಾರಿಗಳು, ಹಾರ್ಮೋನಿಯಂ ಮೇಷ್ಟ್ರು, ದೀಪ ಕಟ್ಟಿದವರು, ಕೊನೆಗೆ ದಾನಿಗಳು ಎಲ್ಲರೂ ಇರುತ್ತಾರೆ. ಸೀನರಿಯ ಮುಂದೆ ಇರುವುದು ಅದರ ಮಾಲೀಕರ ಹೆಸರು. ಈ ಪರದೆಗಳನ್ನು ನಾನು ಬಹಳ ಸಲ ನೋಡಿದ್ದೇನೆ. ನಡುವಿನ ಅರಮನೆಯ ಚಿತ್ರ ಎಷ್ಟೋ ಕಡೆ ಸಾಧಾರಣ. ಕಂಬದ ಮೇಲಿನ ಬಳ್ಳಿ, ಕಮಾನಿನ ಅಂಚು, ತೊಂಗಲುಗಳ ನೆರಳು, ಇಲ್ಲಿ ಕುಂಚ ಹಿಡಿದವನು ಮೈಮರೆತು ಬರೆದಿರುತ್ತಾನೆ.

ಹಿಂದೆಯೂ ಹೀಗೇ ಇತ್ತೆಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. 1117ರ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಮದನಿಕೆಯರ ಪೀಠದ ಮೇಲೆ ತಮ್ಮ ಹೆಸರು, ಬಿರುದು ಕೊರೆದುಕೊಂಡಿದ್ದಾರೆ. ಅಮೃತಾಪುರದಿಂದ ಸೋಮನಾಥಪುರದವರೆಗೆ ಮಲ್ಲಿತಮ್ಮನ ಸಹಿ ಸಿಗುತ್ತದೆ. ಬಿಜಾಪುರದ ಜಾಮಿ ಮಸೀದಿಯ ಮಿಹ್ರಾಬಿನ ಚಿನ್ನದ ಬಣ್ಣದ ಕೆಲಸದಲ್ಲಿ, 1636ರಲ್ಲಿ ಅದನ್ನು ಅಲಂಕರಿಸಿದವನೆಂದು ಮಲಿಕ್ ಯಾಕೂತನ ಹೆಸರು ಬರೆದಿದೆ. ಹೊಯ್ಸಳರ ಶಿಲ್ಪಿಗಿದ್ದ ‘ರೂವಾರಿ’ ಎಂಬ ಹೆಸರನ್ನು ಈಗ ಪತ್ರಿಕೆಗಳು ಚುನಾವಣೆಯ ತಂತ್ರ ಹೆಣೆದವರಿಗೆ ಕೊಡುತ್ತಿವೆ. ಹೋಗಲಿ, ಯಾರಿಗಾದರೂ ಉಪಯೋಗಕ್ಕೆ ಬಂತಲ್ಲ.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರಿನ ಹತ್ತಿರ ಕೈದಾಳ. ಅಲ್ಲಿನ ಚೆನ್ನಕೇಶವನ ಗುಡಿಯನ್ನು 1150ರ ಸುಮಾರಿನಲ್ಲಿ ಹೊಯ್ಸಳ ನರಸಿಂಹನ ಸಾಮಂತ ಬಾಚಿ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಜನ ಹೇಳುವುದು ಜಕಣಾಚಾರಿಯ ಕಥೆ. ತಾನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಹುಡುಗನೊಬ್ಬ ತೋರಿಸಿಕೊಟ್ಟಾಗ ಬಲಗೈ ಕತ್ತರಿಸಿಕೊಂಡ, ಆ ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯಿತು, ಈ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು. ಜಕಣಾಚಾರಿ ಇತಿಹಾಸದ ವ್ಯಕ್ತಿಯೇ ಎಂಬುದು ವಿದ್ವಾಂಸರ ತಕರಾರು. ನನಗೆ ಮುಖ್ಯವಾಗಿ ಕಾಣುವುದು ಕಥೆಯೊಳಗಿನ ಆ ಹುಡುಗ. ಅವನು ಶಿಲ್ಪಿಯನ್ನು ಹೊಗಳಲು ಬಂದವನಲ್ಲ, ಗಂಧ ಲೇಪಿಸಿ ಕಲ್ಲನ್ನು ಪರೀಕ್ಷೆ ಮಾಡಿದವನು. ನಮ್ಮ ಊರಿನ ಕಥೆಗೆ ಗೊತ್ತಿತ್ತು, ಕೆಲಸವನ್ನು ಗೌರವಿಸುವುದೆಂದರೆ ಅದರಲ್ಲಿ ತಪ್ಪು ಹುಡುಕುವಷ್ಟು ಹತ್ತಿರದಿಂದ ನೋಡುವುದು.

ಕಸುಬುದಾರರಿಗೆ ನಾವು ಇಲ್ಲವಾಗಿಸಿರುವುದು ಇದನ್ನೇ. ಅವರ ಬಗ್ಗೆ ಬರೆಯುವಾಗ ನಮ್ಮ ಪತ್ರಿಕೆಗಳಲ್ಲಿ, ಈ ಪುಟಗಳನ್ನೂ ಸೇರಿಸಿ, ಸಿಗುವುದು ಕನಿಕರ: ನಶಿಸುತ್ತಿರುವ ಕಲೆ, ನೆರವಿಗೆ ಬಾರದ ಸರ್ಕಾರ, ಮುಂದುವರಿಸಲೊಲ್ಲದ ಮಕ್ಕಳು. ಯಾರದೋ ಕ್ಯಾನ್ವಾಸಿನ ಬಗ್ಗೆ ಬರೆಯುವಾಗ ಗೆರೆ, ಬಣ್ಣ, ಅವಕಾಶ ಎಂದೆಲ್ಲ ಚರ್ಚಿಸುವ ವಿಮರ್ಶಕ ಖಾಕಾದ ಮುಂದೆ ಬಂದಾಗ ಕಣ್ಣೀರಿಡುತ್ತಾನೆ. ಕಲೆ ಮತ್ತು ಕಸುಬಿನ ನಡುವಿನ ಗಡಿ ವಸ್ತುವಿನಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ವಿಮರ್ಶೆ ಎಲ್ಲಿ ನಿಂತು ಕನಿಕರ ಶುರುವಾಗುತ್ತದೋ ಆ ಜಾಗವೇ ಗಡಿ.

ಹಾಗಾದರೆ ನೋಡುವುದು ಏನನ್ನು? ನಾನು ಚಾಚಾನಿಂದ ಕಲಿತ ಒಂದನ್ನು ಹೇಳುತ್ತೇನೆ. ಅಂಚಿನ ಬಳ್ಳಿಯನ್ನು ನೇರವಾಗಿ ಓಡಿಸುವುದು ಯಾರಿಗೂ ಬರುತ್ತದೆ. ಬರೆಯುವವನ ಯೋಗ್ಯತೆ ತಿಳಿಯುವುದು ಮೂಲೆಯಲ್ಲಿ. ಚಾದರದ ನಾಲ್ಕು ಮೂಲೆ, ರವಿಕೆಯ ಚೌಕ ಕೊರಳಿನ ಎರಡು ಮೂಲೆ. ಕೈಸೋತವನು ಅಲ್ಲಿ ಬಳ್ಳಿಯನ್ನು ಕತ್ತರಿಸಿ ಒಂದು ದೊಡ್ಡ ಹೂವು ಕೂರಿಸಿ ಮುಚ್ಚಿಬಿಡುತ್ತಾನೆ. ಬಲ್ಲವನು ಬಳ್ಳಿಯನ್ನು ಮುರಿಯದೆ ತಿರುಗಿಸುತ್ತಾನೆ. ಅದಕ್ಕಾಗಿ ಮೂಲೆಗೆ ಇನ್ನೂ ಐದಾರು ಎಲೆ ದೂರವಿರುವಾಗಲೇ ಎಲೆಗಳ ಅಂತರವನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತಲೋ ಕುಗ್ಗಿಸುತ್ತಲೋ ಬಂದಿರುತ್ತಾನೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಎರಡನೆಯದು ಖಾಲಿ ಜಾಗ. ಮಾವಿನಕಾಯಿ ಮತ್ತು ಬಳ್ಳಿಯ ನಡುವೆ ಉಳಿಯುವ ಬಟ್ಟೆಗೂ ಒಂದು ಆಕಾರವಿರಬೇಕು. ಈಗಿನ ಮದುವೆ ರವಿಕೆಗಳಲ್ಲಿ ಆ ಜಾಗವೇ ಉಳಿಯುತ್ತಿಲ್ಲ. ಕೊಟ್ಟ ದುಡ್ಡು ಕಾಣಬೇಕೆಂದು ಗಿರಾಕಿಗಳು ಎಲ್ಲವನ್ನೂ ತುಂಬಿಸುತ್ತಾರೆ. ಫೋನಿನಲ್ಲಿ ಸಿಕ್ಕ ನಾಲ್ಕು ಚಿತ್ರಗಳಿಂದ ನವಿಲು, ಆನೆ, ಪಲ್ಲಕ್ಕಿ, ತಾವರೆಗಳನ್ನು ಕಿತ್ತು ಒಂದೇ ಬೆನ್ನಿನ ಮೇಲೆ ಇಳಿಸುತ್ತಾರೆ. ತಾವರೆಗೆ ಕಾಂಡವಿಲ್ಲ, ನವಿಲಿಗೆ ನಿಲ್ಲಲು ಜಾಗವಿಲ್ಲ. ಇದು ಕೆಟ್ಟ ಕೆಲಸ. ಬಡವರು ಮಾಡಿದ್ದೆಂಬ ಕಾರಣಕ್ಕೆ ಅದನ್ನು ಚೆನ್ನಾಗಿದೆ ಎನ್ನುವುದು ಅವರಿಗೆ ಮಾಡುವ ಇನ್ನೊಂದು ಅವಮಾನ. ಚಾಚಾ ಕೂಡ ಅಂಥವನ್ನು ಬರೆದುಕೊಟ್ಟಿದ್ದಾರೆ. "ಗಿರಾಕಿ ಕೇಳ್ತಾರೆ, ಏನು ಮಾಡ್ಲಿ?" ಎಂದರು. ಆದರೆ ಅವನ್ನು ಮೊಳೆಗೆ ನೇತುಹಾಕಿಲ್ಲ.

ಕಾನೂನು ಈ ಗಡಿಯನ್ನು ಅಂಕಿಯಲ್ಲೇ ಬರೆದಿದೆ. ವರ್ಣಚಿತ್ರವೊಂದರ ಕೃತಿಸ್ವಾಮ್ಯ ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಇನ್ನೈದು. 1957ರ ಕೃತಿಸ್ವಾಮ್ಯ ಕಾಯಿದೆಯ 15ನೇ ಸೆಕ್ಷನ್ನಿನ ಪ್ರಕಾರ, ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಒಡೆಯನೋ ಅವನ ಒಪ್ಪಿಗೆ ಪಡೆದವರೋ ಔದ್ಯಮಿಕ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ವಸ್ತುಗಳ ಮೇಲೆ ಇಳಿಸಿದರೆ ಅದರ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯಿತು. ಕಲಾಕೃತಿ ಎಲ್ಲಿ ಮುಗಿದು ವಿನ್ಯಾಸ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬಿಡಿಸಲು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಕೂರಬೇಕಾಯಿತು. ಆ ಮೊಕದ್ದಮೆ ಇದ್ದದ್ದು ಅನಿಲ ಸಾಗಿಸುವ ಟ್ರೇಲರಿನ ನಕ್ಷೆಗಳ ಮೇಲೆ! ಅಷ್ಟು ದೂರ ಹೋಗಲು ಖಾಕಾ ಬರೆಯುವವರ ಬಳಿ ವಕೀಲರಿಲ್ಲ. ಬಿದರಿಗೆ 2006ರಲ್ಲಿ ಸಿಕ್ಕ ಭೌಗೋಳಿಕ ಗುರುತು ದೊಡ್ಡ ರಕ್ಷಣೆಯೇ ಸರಿ, ಆದರೆ ಅದು ಕಾಯುವುದು ಊರಿನ ಹೆಸರನ್ನು. ಒಬ್ಬ ಬರೆದ ಒಂದು ಬಳ್ಳಿಯನ್ನಲ್ಲ.

ಕುಣಿಗಲ್ಲಿನಲ್ಲಿ ಮದುವೆಗಳಿಗೆ ಮೆಹಂದಿ ಹಾಕುವ ಹುಡುಗಿಯೊಬ್ಬಳನ್ನು ಕಳೆದ ವರ್ಷ ಮಾತಾಡಿಸಿದ್ದೆ. ಒಂದು ನೋಟುಬುಕ್ಕಿನ ತುಂಬ ಅಂಗೈಯ ಆಕಾರಗಳನ್ನು ಬರೆದು ಒಳಗೆ ಡಿಸೈನ್ ತುಂಬಿದ್ದಳು. ಹಾಕಿದ ಕೈಗಳ ಫೋಟೋ ಫೋನಿನಲ್ಲಿ ಹಾಕಿದರೆ ಮಾರನೆಯ ದಿನವೇ ಬೇರೆಯವರು ಅದನ್ನೇ ಹಾಕುತ್ತಾರಂತೆ. ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ಹೂವು ಎಲೆ ಕದೀತಾರೆ ಅಣ್ಣ, ಬೆರಳಿಗೆ ತಕ್ಕ ಹಾಗೆ ತಿರುಗಿಸೋದು ಫೋಟೋದಲ್ಲಿ ಬರಲ್ಲ" ಎಂದಳು. ಅವಳಿಗೂ ಚಾಚಾನಿಗೂ ಪರಿಚಯವಿಲ್ಲ. ಮೂಲೆಯ ವಿಷಯವನ್ನು ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಅವಳ ಚಿತ್ರ ಹತ್ತು ದಿನದಲ್ಲಿ ಚರ್ಮದಿಂದ ಮಾಸುತ್ತದೆ, ಉಳಿಯುವುದು ನೋಟುಬುಕ್ಕು.

ಈ ಲೇಖನಕ್ಕೆಂದು ಹಳೆಯ ಖಾಕಾವೊಂದನ್ನು ಕೇಳಿ ತಂದಿದ್ದೇನೆ. ಚಾದರವೊಂದರ ಮೂಲೆಯದು, ನೀಲಿ ಹತ್ತಿ ಗಡುಸಾಗಿದೆ. ಚಾಚಾ ಅದನ್ನು ಬರೆದದ್ದು ಯಾವಾಗ ಎಂದು ಅವರಿಗೇ ನೆನಪಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ತೂತುಗಳೆಲ್ಲ ಹೊಳೆದು ಬಳ್ಳಿ ಕಾಣುತ್ತದೆ. ಮೂಲೆಯ ಹತ್ತಿರ ಒಂದು ಕಡೆ ಎಲೆಯ ಸಾಲು ತಪ್ಪಿದೆ, ಚುಚ್ಚಿದ ತೂತುಗಳ ಮೇಲೆ ಕಾಗದದ ಚೂರು ಅಂಟಿಸಿ ಎಲೆಯನ್ನು ಒಂದು ನೂಲು ಒಳಕ್ಕೆ ಸರಿಸಿ ಮತ್ತೆ ಚುಚ್ಚಿದ್ದಾರೆ. ವಾಪಸು ಕೊಡಲು ಹೋದಾಗ ಆ ತಿದ್ದುಪಡಿಯ ಬಗ್ಗೆ ಕೇಳಬೇಕು.